ಹಳೆ ಮನೆಗೆ ಫೈರ್ ಡೋರ್: ಇದ್ದದ್ದನ್ನೇ ಗಟ್ಟಿ ಮಾಡುವುದೋ, ಹೊಸದು ಕೂಡಿಸುವುದೋ?

ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್ ಬಜಾರ್ ಕಡೆ ಹಳೆ ಮನೆಗಳು ಬರೀ ಮನೆಯಾಗಿ ಉಳಿದದ್ದು ಕಡಿಮೆ. ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್ಟೋ ಬಟ್ಟೆ ಗೋದಾಮೋ, ಮೇಲೆ ಮನೆಮಂದಿ. ರಾಯಚೂರಿನಲ್ಲಿ ಪಡಸಾಲೆ ತುಂಬ ವ್ಯಾಪಾರದ ಚೀಲ, ನಡುಮನೆಯಲ್ಲಿ ಸಂಸಾರ. ಆನೆಗೊಂದಿಯಲ್ಲಿ ಅಜ್ಜನ ಕಾಲದ ಮನೆ ಹೋಂಸ್ಟೇ ಆಗಿದೆ. ಬಳಕೆ ಹೀಗೆ ಬದಲಾದ ಮೇಲೆ ಒಂದು ದಿನ ವಿಮೆಯವರೋ, ಅಗ್ನಿಶಾಮಕ ಇಲಾಖೆಯವರೋ, ಇಲ್ಲವೇ ಸಿವಿಲ್ ಎಂಜಿನಿಯರಿಂಗ್ ಓದಿದ ಅಳಿಯನೋ ಬಂದು ‘ಇಲ್ಲೊಂದು ಫೈರ್ ಡೋರ್ ಬೇಕು’ ಅನ್ನುತ್ತಾರೆ, ಅಂದರೆ ಉರಿ, ಹೊಗೆಯನ್ನು ಒಂದಷ್ಟು ಹೊತ್ತು ಆ ಕಡೆಯೇ ತಡೆದು ನಿಲ್ಲಿಸುವ ಬಾಗಿಲು. ಆಗ ಯಜಮಾನರ ಕಣ್ಣು ಹೋಗುವುದು ನೇರ ತಲೆಬಾಗಿಲಿಗೆ. ಸಾಗವಾನಿ ಪಡಿ, ಹಿತ್ತಾಳೆ ಗುಬ್ಬಿ, ಮೇಲೆ ಗಜಲಕ್ಷ್ಮಿ ಕೆತ್ತನೆ. ಇದನ್ನು ಕಿತ್ತು ತಗಡಿನ ಬಾಗಿಲು ಹಾಕುವುದೇ ಅನ್ನುವ ಸಂಕಟ.

ಆ ಸಂಕಟ ಬಹಳ ಮಟ್ಟಿಗೆ ಬೇಡದ್ದು. ಫೈರ್ ಡೋರ್ ಬೇಕಾಗುವುದು ಸಾಮಾನ್ಯವಾಗಿ ಒಳಗಿನ ಒಂದೋ ಎರಡೋ ಬಾಗಿಲಿಗೆ. ತಲೆಬಾಗಿಲು ಹೊರಗೆ ಓಡುವ ದಾರಿ. ಅದು ಬೆಂಕಿ ತಡೆಯುವುದಕ್ಕಿಂತ ರಾತ್ರಿ ಕತ್ತಲಲ್ಲಿ ಕೀಲಿಕೈ ಹುಡುಕದೆ ಒಳಗಿನಿಂದ ತೆರೆಯುವಂತಿರಬೇಕು. ಅದಕ್ಕೆ ಒಳಗಿನಿಂದ ಬೀಗ ಜಡಿದು ಕೀಲಿಯನ್ನು ದೇವರ ಮನೆಯಲ್ಲಿಡುವ ರೂಢಿ ಇದ್ದರೆ ಮೊದಲು ಅದನ್ನು ಬಿಡಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಬಾಗಿಲು ಆರಿಸುವ ಮೊದಲು ಜಾಗ ಆರಿಸಿ

ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಗೀಚಿ. ಬೆಂಕಿ ಹುಟ್ಟುವ ಸಂಭವ ಇರುವಲ್ಲಿ ಗುರುತು ಹಾಕಿ: ಹೊಲಿಗೆ ಯೂನಿಟ್, ಬಟ್ಟೆ ಅಥವಾ ಹತ್ತಿ ಇಡುವ ಕೋಣೆ, ಸಿಲಿಂಡರ್ ಇರುವ ಅಡುಗೆಮನೆ, ಇನ್ವರ್ಟರ್ ಬ್ಯಾಟರಿ ಕೂಡಿಸಿದ ಮೂಲೆ, ಇ-ಸ್ಕೂಟರ್ ಚಾರ್ಜ್ ಮಾಡುವ ಕಟ್ಟೆ. ಆಮೇಲೆ ಮಲಗುವವರು ಎಲ್ಲಿ, ಅವರು ಇಳಿದು ಬರುವ ಮೆಟ್ಟಿಲು ಎಲ್ಲಿ ಎಂದು ಗುರುತಿಸಿ. ಈ ಎರಡರ ನಡುವೆ ಬರುವ ಬಾಗಿಲೇ ನಿಮ್ಮ ಫೈರ್ ಡೋರ್. ಕೆಳಗೆ ಯೂನಿಟ್, ಮೇಲೆ ಮನೆ ಇರುವ ಕಡೆ ಅದು ಹೆಚ್ಚುಕಡಿಮೆ ಯಾವಾಗಲೂ ಮೆಟ್ಟಿಲ ಬುಡದ ಬಾಗಿಲು.

ಜಾಗ ಸಿಕ್ಕ ಮೇಲೆ ಬಾಗಿಲಿಗಿಂತ ಮೊದಲು ಗೋಡೆ ನೋಡಬೇಕು. ನಮ್ಮ ಮಾಳಿಗೆ ಮನೆಗಳಲ್ಲಿ ಕಲ್ಲು-ಮಣ್ಣಿನ ಗೋಡೆ ಎರಡು ಅಡಿ ದಪ್ಪ ಇದ್ದರೂ ಎಷ್ಟೋ ಕಡೆ ಅದು ತೊಲೆಯ ಮಟ್ಟಕ್ಕೆ ನಿಂತುಬಿಡುತ್ತದೆ. ಮೇಲೆ ಜಂತಿ ಜಂತಿಗಳ ನಡುವೆ ಕೈ ತೂರುವಷ್ಟು ಸಂದು. ಬಾಗಿಲ ಮೇಲೆ ಗಾಳಿಗೆಂದು ಬಿಟ್ಟ ಬೆಳಕಿಂಡಿ ಬೇರೆ, ಅದಕ್ಕೆ ಸಾದಾ ಗಾಜು ಅಥವಾ ಬರೀ ಸರಳು. ಕೆಳಗೆ ಎರಡು ಗಂಟೆ ತಾಳುವ ಬಾಗಿಲು ಹಾಕಿ ಮೇಲೆ ಈ ಕಿಂಡಿ ಬಿಟ್ಟರೆ ಹೊಗೆ ಅಲ್ಲಿಂದಲೇ ಆರಾಮಾಗಿ ಆ ಕಡೆ ಹೋಗುತ್ತದೆ. ಮನೆಯಲ್ಲಿ ಜನರನ್ನು ಕೊಲ್ಲುವುದು ಹೆಚ್ಚಾಗಿ ಉರಿಗಿಂತ ಮೊದಲು ಬರುವ ಹೊಗೆಯೇ. ಜಂತಿ ಸಂದನ್ನು ಇಟ್ಟಿಗೆ ಚೂರು, ಗಾರೆಯಿಂದ ಮುಚ್ಚಿಸಿ. ಬೆಳಕಿಂಡಿಗೆ ಬೆಂಕಿ ತಾಳುವ ಗಾಜು ಕೂಡಿಸಿ, ಅಥವಾ ಉರಿಯದ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಬಡಿದು ಹಳೆ ಸರಳನ್ನು ಮುಂದೆ ಅಲಂಕಾರಕ್ಕೆ ಉಳಿಸಿ. ಇಷ್ಟು ಮಾಡಲು ಮನಸ್ಸಿಲ್ಲದವರು ಫೈರ್ ಡೋರಿಗೆ ದುಡ್ಡು ಸುರಿಯಬೇಡಿ.

ಬಾಗಿಲು ತಡೆಯುವುದು ಅಂದರೆ ಏನು

ಪರೀಕ್ಷಾಲಯದ ಕುಲುಮೆಯಲ್ಲಿ ಬಾಗಿಲನ್ನು ಸುಡುವುದಕ್ಕೆ ಒಂದು ಲೆಕ್ಕವಿದೆ. ಹತ್ತು ನಿಮಿಷಕ್ಕೆ ಒಳಗಿನ ಶಾಖ ಸುಮಾರು 680 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆಗೆ 840, ಒಂದು ಗಂಟೆಗೆ 945, ಎರಡು ಗಂಟೆಗೆ 1050ರ ಹತ್ತಿರ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ. ಹಾಗಾದರೆ ಅಂಗಡಿಯಲ್ಲಿ ಹಗುರ, ಚೆಂದ ಎಂದು ಕೊಟ್ಟ ಅಲ್ಯುಮಿನಿಯಂ ಟವರ್ ಬೋಲ್ಟು, ಬಿಜಾಗರಿ ಹತ್ತು ನಿಮಿಷದ ಆಸುಪಾಸಿನಲ್ಲೇ ನೀರಾಗುತ್ತವೆ. ಹಿತ್ತಾಳೆ 900 ದಾಟುವವರೆಗೆ ನಿಲ್ಲುತ್ತದೆ. ಉಕ್ಕಿಗೆ ಆ ಚಿಂತೆ ಇಲ್ಲ.

ಕಟ್ಟಿಗೆ ಇದರಲ್ಲಿ ನಾವು ಅಂದುಕೊಂಡಷ್ಟು ಕೆಟ್ಟದ್ದಲ್ಲ. ದಪ್ಪ ಗಟ್ಟಿ ಮರ ಒಮ್ಮೆಗೇ ಹೊತ್ತಿ ಉರಿದು ಮುಗಿಯುವುದಿಲ್ಲ; ಮೇಲ್ಮೈ ಇದ್ದಿಲಾಗಿ, ಆ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಸುಡುತ್ತಾ ಹೋಗುತ್ತದೆ. 45 ಮಿ.ಮೀ. ದಪ್ಪದ ಸಾಗವಾನಿ ಪಟ್ಟಿ ಅರ್ಧ ಗಂಟೆಯ ನಂತರವೂ ಅರ್ಧದಷ್ಟು ಉಳಿದಿರುತ್ತದೆ. ಸೋಲುವುದು ಆ ಪಟ್ಟಿಗಳ ನಡುವೆ ಕೂಡಿಸಿದ ತೆಳು ಹಲಗೆ. ನಡುವೆ 12 ಮಿ.ಮೀ. ಇದ್ದರೂ ಗಾಡಿಯೊಳಗೆ (ಪಟ್ಟಿಯಲ್ಲಿ ಕೊರೆದ ಸೀಳು ಕಾಲುವೆಯೊಳಗೆ) ಸೇರುವ ಅಂಚಿನಲ್ಲಿ ಅದನ್ನು 6 ಮಿ.ಮೀ.ಗೆ ಕೆತ್ತಿರುತ್ತಾರೆ. ಹತ್ತು ನಿಮಿಷದ ಸುಮಾರಿಗೆ ಉರಿ ಅಲ್ಲಿಂದ ಹಣಿಕಿ ಹಾಕುತ್ತದೆ.

ಇನ್ನೊಂದು ಸೋಲುವ ಜಾಗ ಪಡಿ ಮತ್ತು ವಾಡದ (ಬಾಗಿಲ ಚೌಕಟ್ಟಿನ) ನಡುವಿನ ಸಂದು. ಅಲ್ಲಿಗೆ ಇಂಟ್ಯುಮೆಸೆಂಟ್ ಪಟ್ಟಿ ಅಂತ ಬರುತ್ತದೆ, ನಾನು ಉಬ್ಬುವ ಪಟ್ಟಿ ಅನ್ನುತ್ತೇನೆ. ಗ್ರಾಫೈಟಿನದಾದರೆ ಸುಮಾರು 200 ಡಿಗ್ರಿ ಶಾಖಕ್ಕೆ ಹಲವು ಪಟ್ಟು ಉಬ್ಬಿ ಸಂದನ್ನು ಬಿಗಿಯುತ್ತದೆ. ಆದರೆ ಅದು ಉಬ್ಬುವ ಮೊದಲು ತಣ್ಣನೆ ಹೊಗೆ ಆರಾಮಾಗಿ ನುಸುಳುತ್ತದೆ. ಅದಕ್ಕಾಗಿ ಬ್ರಷ್ಷಿನ ಅಥವಾ ರಬ್ಬರ್ ನಾಲಗೆಯ ಹೊಗೆ ಸೀಲ್ ಬೇರೆ ಬೇಕು. ಎರಡೂ ಒಂದರಲ್ಲೇ ಇರುವ ಪಟ್ಟಿ ಸಿಗುತ್ತದೆ, ಅದನ್ನೇ ಕೇಳಿ.

ಅಂದರೆ ಫೈರ್ ಡೋರ್ ಎಂದು ಮಾರುವುದು ಬರೀ ಪಡಿಯನ್ನಲ್ಲ. ಪಡಿ, ವಾಡ, ಬಿಜಾಗರಿ, ಸೀಲ್, ತಾನೇ ಮುಚ್ಚಿಕೊಳ್ಳುವ ಕ್ಲೋಸರ್, ಬೀಗ ಇಷ್ಟೂ ಸೇರಿದ ಸೆಟ್ಟು. ಐಎಸ್ 3614 ಎಂಬ ಭಾರತೀಯ ಮಾನಕ ಇರುವುದು ಈ ಬಾಗಿಲುಗಳಿಗೆ. ಅಂಗಡಿಯಲ್ಲಿ ಐಎಸ್ 5509ರ ಮುದ್ರೆ ತೋರಿಸಿ ‘ಇದೂ ಫೈರ್‌ದೇ’ ಅಂದರೆ ನಂಬಬೇಡಿ. ಅದು ಬೇಗ ಹೊತ್ತಿಕೊಳ್ಳದ ಪ್ಲೈವುಡ್ಡಿನ ಮಾನಕ. ಬೇಗ ಹೊತ್ತಿಕೊಳ್ಳದಿರುವುದು ಬೇರೆ, ಆ ಕಡೆಯ ಉರಿಯನ್ನು ಒಂದು ಗಂಟೆ ಈ ಕಡೆ ಬಿಡದಿರುವುದು ಬೇರೆ. ‘ಫೈರ್‌ಪ್ರೂಫ್ ಪಾಲಿಶ್’ ಹೊಡೆದು ಹಳೆ ಬಾಗಿಲನ್ನೇ ಫೈರ್ ಡೋರ್ ಮಾಡಿಕೊಡುತ್ತೇವೆ ಅನ್ನುವವರದೂ ಇದೇ ಕತೆ.

ಇದ್ದ ಬಾಗಿಲನ್ನೇ ಗಟ್ಟಿ ಮಾಡುವುದು

ಹಳೆ ಸಾಮಾನಿನ ಮೇಲೆ ಪ್ರೀತಿ ಇರುವವರಿಗೆ ಮೊದಲು ಹೊಳೆಯುವುದು ಇದು. ಆಗುತ್ತದೆ, ಆದರೆ ಎಲ್ಲ ಬಾಗಿಲಿಗೂ ಅಲ್ಲ. ಪಡಿ 40 ಮಿ.ಮೀ.ಗಿಂತ ದಪ್ಪ ಇರಬೇಕು, ತಿರುಚಿರಬಾರದು, ಸೀಳಿರಬಾರದು, ವಾಡ ಗಟ್ಟಿ ಇರಬೇಕು. ವಾಡದ ಬುಡವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಡಬ್ ಡಬ್ ಎಂದು ಪೊಳ್ಳು ಸದ್ದು ಬಂದರೆ ಗೆದ್ದಲು ಒಳಗೆ ಊಟ ಮುಗಿಸಿದೆ; ಬಣ್ಣದ ಪದರವೇ ಆಕಾರ ಹಿಡಿದು ನಿಂತಿರುತ್ತದೆ.

ಬಾಗಿಲು ಪಾಸಾದರೆ ಕೆಲಸ ಹೀಗೆ. ಹಲವು ದಶಕದ ಆಯಿಲ್ ಪೇಂಟ್ ಪದರಗಳನ್ನು ರಾಸಾಯನಿಕ ಹಚ್ಚಿ ಎಬ್ಬಿಸಬೇಕು. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣ ಉಜ್ಜುಕಾಗದ ಬೇಡ, ಗ್ಯಾಸ್ ಟಾರ್ಚಂತೂ ಬೇಡವೇ ಬೇಡ. ಕೆತ್ತನೆ ಇರುವ ಮುಖವನ್ನು ಮುಟ್ಟದೆ, ಬೆಂಕಿಯ ಸಂಭವ ಇರುವ ಬದಿಯಿಂದ ತೆಳು ಹಲಗೆಗಳ ಹಿಂದೆ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಕೂಡಿಸಿ, ಮೇಲೆ ತೆಳು ಸಾಗವಾನಿ ಪಟ್ಟಿ ಹೊಡೆದು ಮುಚ್ಚುತ್ತಾರೆ. ಉಬ್ಬುವ ಪಟ್ಟಿಗೆ ಗಾಡಿಯನ್ನು ವಾಡದಲ್ಲಿ ಹೊಡೆಸಿ, ಪಡಿಯಲ್ಲಿ ಬೇಡ. ಮುಂದೆ ಯಾವನಾದರೂ ಬಡಿಗೇರ ಪಡಿಯ ಅಂಚಿಗೆ ಉಜ್ಜುಗೊರಡು ಹಾಕಿಯೇ ಹಾಕುತ್ತಾನೆ, ಆಗ ಪಟ್ಟಿ ಉಳಿಯಬೇಕು. ಮೂರು ಉಕ್ಕಿನ ಬಿಜಾಗರಿ, ಒಂದು ಕ್ಲೋಸರ್.

ಇಷ್ಟು ಮಾಡಿದರೂ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆಯ ಭರವಸೆ, ಅದೂ ಸರ್ಟಿಫಿಕೇಟ್ ಇಲ್ಲದ ಭರವಸೆ. ನಿಮ್ಮ ಬಾಗಿಲಿನಂಥದ್ದೇ ಇನ್ನೊಂದನ್ನು ಯಾರೂ ಕುಲುಮೆಗೆ ಹಾಕಿ ನೋಡಿಲ್ಲವಲ್ಲ. ಸ್ವಂತ ವಾಸದ ಮನೆಗೆ, ಮೂರು-ನಾಲ್ಕು ಜನ ಇಳಿದು ಹೋಗುವ ಸಮಯಕ್ಕೆ, ಇದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಲಾಡ್ಜ್, ನರ್ಸಿಂಗ್ ಹೋಂ, ಕೋಚಿಂಗ್ ಕ್ಲಾಸಿಗೆ ಸಾಕಾಗುವುದಿಲ್ಲ.

ತಿರುಗುಣಿ ಬಾಗಿಲಿಗೆ ಈ ಉಪಾಯವನ್ನೇ ಮರೆತುಬಿಡಿ. ಕೊಪ್ಪಳದ ಹಳ್ಳಿಗಳ ಹಳೆ ಮನೆಗಳಲ್ಲಿ ಬಿಜಾಗರಿ ಇಲ್ಲದೆ, ಪಡಿಯ ಮೂಲೆಯ ಕಟ್ಟಿಗೆ ಗೂಟವೇ ಹೊಸ್ತಿಲ ಕುಳಿಯಲ್ಲಿ ತಿರುಗುವ ಬಾಗಿಲುಗಳಿವೆ. ಮಧ್ಯಾಹ್ನ ಅದನ್ನು ಮುಚ್ಚಿ ಕತ್ತಲೆ ಬದಿ ನಿಂತು ನೋಡಿ. ತಿರುಗುಣಿ ಬದಿಯಲ್ಲಿ ಮೇಲಿಂದ ಕೆಳಗೆ ಬಿಸಿಲಿನ ಒಂದು ಪಟ್ಟಿಯೇ ಇಳಿದಿರುತ್ತದೆ. ಗೂಟ ಸವೆದಷ್ಟೂ ಅದು ಅಗಲ. ಯಾವ ಸೀಲೂ ಅಲ್ಲಿ ನಿಲ್ಲುವುದಿಲ್ಲ.

ಹಳೆ ಚೆಹರೆಯ ಹೊಸ ಕಟ್ಟಿಗೆ ಬಾಗಿಲು

ಪರೀಕ್ಷೆಯಾದ ಘನ ತಿರುಳಿನ ಪಡಿ ತರಿಸಿ, ಅದರ ಮೇಲೆ ಸಾಗವಾನಿ ವಿನಿಯರ್, ಪಟ್ಟಿ, ಮೋಲ್ಡಿಂಗ್ ಕೂಡಿಸಿ ಹಳೆ ರೂಪ ಕೊಡುವುದು. ಅರ್ಧ ಗಂಟೆಯವು ಸಾಮಾನ್ಯವಾಗಿ 44 ಮಿ.ಮೀ., ಒಂದು ಗಂಟೆಯವು 54 ಮಿ.ಮೀ. ಸುಮಾರು ದಪ್ಪ. ಎರಡು ಗಂಟೆಯವು ಇನ್ನೂ ದಪ್ಪ, ಇನ್ನೂ ಭಾರ.

ಬಳ್ಳಾರಿ ಕಂಟೋನ್ಮೆಂಟಿನ ಬಂಗಲೆಗಳಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಅಲ್ಲಿನ ಬಾಗಿಲುಗಳು ನೇರ ಗೆರೆಯ ಚೌಕ ಫಲಕದವು, ಮೋಲ್ಡಿಂಗ್ ಹೊಡೆದರೆ ಆ ರೂಪ ಬಂದುಬಿಡುತ್ತದೆ. ಮೇಲರ್ಧ ಗಾಜಿನವಾದರೆ ಮಾತ್ರ ಗಾಜು ಸಮೇತ ಪರೀಕ್ಷೆಯಾದ ಬಾಗಿಲೇ ಬೇಕು. ಬಂದ ಮೇಲೆ ಕಿಟಕಿ ಕೊರೆದು ಗಾಜು ಕೂಡಿಸಿದರೆ ಸರ್ಟಿಫಿಕೇಟು ಅಲ್ಲಿಗೇ ಮುಗಿಯಿತು. ದಪ್ಪ ಕೆತ್ತನೆಯ ಹಳೆ ಪಡಿಗಳ ನಕಲು ಮಾಡಲು ಹೋದರೆ ಇದೇ ಉಪಾಯ ಮದುವೆ ಮಂಟಪದ ಥರ್ಮೊಕೋಲ್ ಆನೆಯ ಹಾಗೆ ಕಾಣುತ್ತದೆ. ಅಂಥ ಮನೆಗೆ ಸಾದಾ ಪಡಿ ಹಾಕಿ ಒಳ್ಳೆ ಪಾಲಿಶ್ ಕೊಡಿ, ನಕಲು ಬೇಡ.

ಮೋಲ್ಡಿಂಗ್ ಕೂಡಿಸಲು ತಯಾರಕರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಎಷ್ಟು ಆಳದ ಮೊಳೆ, ಯಾವ ಅಂಟು ಎಂಬುದಕ್ಕೂ ಮಿತಿ ಇರುತ್ತದೆ. ಅಳತೆ ಸರಿಯಿಲ್ಲ ಎಂದು ಕೆಳಗಿನಿಂದ ಎರಡು ಇಂಚು ಕೊಯ್ಯುವುದೂ ಇಲ್ಲಿ ನಡೆಯುವುದಿಲ್ಲ. ಹಳೆ ಗೋಡೆ ನೆಟ್ಟಗಿರುವುದಿಲ್ಲವಾದ್ದರಿಂದ ವಾಡ ಸಮೇತ ಸೆಟ್ಟನ್ನೇ ತರಿಸಿ, ಗೋಡೆಯನ್ನು ಗಾರೆಯಿಂದ ಅದಕ್ಕೆ ಸರಿಮಾಡಿಸಿ. ವಾಡ-ಗೋಡೆ ನಡುವಿನ ಸಂದಿಗೆ ಸ್ಪ್ರೇ ಮಾಡಿ ಉಬ್ಬಿಸುವ ಮಾಮೂಲಿ ಫೋಮ್ ಬೇಡ, ಅದೇ ಮೊದಲು ಉರಿಯುತ್ತದೆ.

ಉಕ್ಕಿನ ಬಾಗಿಲು

ಎರಡು ಗಂಟೆಯ ತಾಳಿಕೆ, ಸುಲಭವಾಗಿ ಸಿಗುವ ಸರ್ಟಿಫಿಕೇಟು, ಗೆದ್ದಲಿನ ಭಯವಿಲ್ಲ, ಮಳೆಗಾಲದಲ್ಲಿ ಹಿಡಿಯುವುದಿಲ್ಲ. ಒಳಗೆ ಕಾಗದದ ಜೇನುಗೂಡು ತುಂಬಿದ್ದೋ ರಾಕ್‌ವುಲ್ (ಕಲ್ಲಿನ ಎಳೆಯ ಉಣ್ಣೆ) ತುಂಬಿದ್ದೋ ಕೇಳಿ. ಮೊದಲನೆಯದು ಉರಿ ತಡೆದರೂ ಈ ಬದಿಯ ತಗಡು ಕಾದ ಹೆಂಚಾಗುತ್ತದೆ. ಅದಕ್ಕೆ ಒರಗಿಸಿಟ್ಟ ಬಟ್ಟೆ ಥಾನು ತಾನಾಗಿ ಹೊತ್ತಬಹುದು. ಶಾಖವನ್ನೂ ತಡೆಯುವ ಬಾಗಿಲೆಂದರೆ ಪರೀಕ್ಷೆಯಲ್ಲಿ ಹಿಂಬದಿಯ ಶಾಖ ಸರಾಸರಿ 140 ಡಿಗ್ರಿಗಿಂತ, ಯಾವುದೇ ಒಂದು ಬಿಂದುವಿನಲ್ಲಿ 180ಕ್ಕಿಂತ ಹೆಚ್ಚು ಏರಿರಬಾರದು. ಕಟ್ಟಿಗೆ ಗೆರೆಯ ಪೌಡರ್ ಕೋಟಿಂಗ್ ದೂರದಿಂದ ಚೆಂದ, ಹತ್ತಿರದಿಂದ ಫ್ರಿಜ್ಜು. ಹೊಲಿಗೆ ಯೂನಿಟ್ಟಿಗೆ, ಗೋದಾಮಿಗೆ, ಬ್ಯಾಟರಿ ಕೋಣೆಗೆ ಬೇರೆ ವಿಚಾರ ಮಾಡದೆ ಇದನ್ನೇ ಹಾಕಿ. ಅಲ್ಲಿ ಅಂದ ನೋಡುವವರು ಯಾರು?

ನನ್ನ ಆಯ್ಕೆ: ಹಳೆಯದರ ಹಿಂದೆ ಹೊಸದು

ಎರಡು ಅಡಿ ಗೋಡೆಯ ಲಾಭ ಸಿಗುವುದು ಇಲ್ಲಿ. ಹಳೆ ಬಾಗಿಲು ಗೋಡೆಯ ಒಂದು ಅಂಚಿನಲ್ಲಿರುತ್ತದೆ, ಇನ್ನೊಂದು ಅಂಚು ಖಾಲಿ. ಆ ಖಾಲಿ ಅಂಚಿನಲ್ಲಿ ಪರೀಕ್ಷೆಯಾದ ಹೊಸ ಸೆಟ್ಟನ್ನು ಕೂಡಿಸಿ. ಹಳೆ ಪಡಿಗಳು ತೆರೆದೇ ಇರಲಿ, ಗೋಡೆಯ ದಪ್ಪದಲ್ಲಿ ಎಡಕ್ಕೊಂದು ಬಲಕ್ಕೊಂದು ಮಡಚಿ ನಿಲ್ಲಲಿ. ಹೊಸದು ಆ ಕಡೆಗೆ ತೆರೆದರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಪಡಸಾಲೆಯಿಂದ ನೋಡುವವರಿಗೆ ಹಳೆ ಬಾಗಿಲೇ ಕಾಣುತ್ತದೆ. ಹಿಂದಿನದಕ್ಕೆ ಕಡು ಕಂದು ಬಣ್ಣ ಹೊಡೆದರೆ ಕಣ್ಣಿಗೆ ಬೀಳುವುದೂ ಇಲ್ಲ. ತಿರುಗುಣಿ ಬಾಗಿಲಿಗೆ ಇದೊಂದೇ ದಾರಿ. ನಾಳೆ ಮೊಮ್ಮಕ್ಕಳಿಗೆ ಬೇಡವೆನಿಸಿದರೆ ಹೊಸದನ್ನು ಬಿಚ್ಚಬಹುದು, ಹಳೆಯದಕ್ಕೆ ಒಂದು ಮೊಳೆಯೂ ಬಿದ್ದಿರುವುದಿಲ್ಲ.

ತೊಂದರೆ ಒಂದೇ, ಅಗಲ. ಹೊರಹೋಗುವ ದಾರಿಯ ಬಾಗಿಲು ಕನಿಷ್ಠ 1 ಮೀಟರ್ ಅಗಲ, 2 ಮೀಟರ್ ಎತ್ತರ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬಗ್ಗಿ ಒಳಗೆ ಬರಲಿ ಎಂದೇ ಗಿಡ್ಡ ಮಾಡಿದ ನಮ್ಮ ಒಳಬಾಗಿಲುಗಳು ಆ ಲೆಕ್ಕಕ್ಕೆ ಬರುವುದಿಲ್ಲ, ಹೊಸ ವಾಡ ಬಂದರೆ ಇನ್ನೂ ಕಿರಿದಾಗುತ್ತವೆ. ಸ್ವಂತ ಮನೆಯಲ್ಲಿ ತಲೆ ತಗ್ಗಿಸಿ ನಡೆಯಬಹುದು. ಹೋಂಸ್ಟೇ, ಲಾಡ್ಜು ಅಂದರೆ ಬೇರೆ ದಾರಿ ತೋರಿಸಬೇಕಾಗುತ್ತದೆ. ಆರ್ಡರ್ ಕೊಡುವ ಮೊದಲೇ ಅಗ್ನಿಶಾಮಕ ಇಲಾಖೆಯವರನ್ನು ಕರೆಸಿ ಜಾಗ ತೋರಿಸಿ. ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶದೊಳಗೆ ಬರುವುದರಿಂದ ಅಲ್ಲಿ ನಿರ್ವಹಣಾ ಪ್ರಾಧಿಕಾರವನ್ನೂ ಕೇಳಬೇಕು. ಹಳೆಯದನ್ನು ಕೀಳದೆ ಹಿಂದೆ ಹೊಸದು ಕೂಡಿಸುತ್ತೇವೆ ಅಂದಾಗ ಮಾತುಕತೆ ಹಗುರಾಗುತ್ತದೆ.

ಎರಡು ಪಡಿಯ ಫೈರ್ ಡೋರ್ ಬೇಕೆನ್ನುವವರಿಗೆ ಒಂದು ಮಾತು. ಪಡಿಗಳು ಒಂದರ ಮೇಲೊಂದು ಕಚ್ಚಿಕೊಳ್ಳುವಂಥವಾದರೆ ಯಾವುದು ಮೊದಲು ಮುಚ್ಚಬೇಕೆಂದು ತೀರ್ಮಾನಿಸುವ ಕೋಆರ್ಡಿನೇಟರ್ ಬೇಕೇ ಬೇಕು. ಅದಿಲ್ಲದಿದ್ದರೆ ತಪ್ಪು ಪಡಿ ಮೊದಲು ಬಂದು ಇನ್ನೊಂದು ಅರ್ಧಕ್ಕೇ ನಿಂತಿರುತ್ತದೆ. ಜಾಗ ಇದ್ದರೆ ಒಂದೇ ಪಡಿ ಹಾಕಿಸಿ.

ಕೂಡಿಸಿದ ಮೇಲೆ

ಸಂದು ಅಳೆಯಲು ಉಪಕರಣ ಬೇಡ. 3 ಮಿ.ಮೀ. ಪ್ಲೈವುಡ್ಡಿನ ಒಂದು ಚೂರು ಇಟ್ಟುಕೊಳ್ಳಿ. ಮುಚ್ಚಿದ ಬಾಗಿಲಿನ ಸುತ್ತ ಅದು ಬಿಗಿಯಾಗಿ ಜಾರಬೇಕು. ಗಡಗಡ ಅಲ್ಲಾಡಿದರೆ ಸಂದು ಹೆಚ್ಚಾಗಿದೆ. ಇದನ್ನು ವರ್ಷಕ್ಕೆ ಎರಡು ಸಲ ಮಾಡಿ, ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ. ರಾಯಚೂರಿನ ಬೇಸಿಗೆ ಮರವನ್ನು ಎಷ್ಟು ಒಣಗಿಸಿ ಕುಗ್ಗಿಸುತ್ತದೆಂದರೆ ಮಳೆಗಾಲದಲ್ಲಿ ಹಿಡಿಯುತ್ತಿದ್ದ ಬಾಗಿಲೇ ಏಪ್ರಿಲ್‌ನಲ್ಲಿ ಸಡಿಲ. ಮಳೆ ಬಿದ್ದಾಗ ಹಿಡಿಯಿತೆಂದು ಬಡಿಗೇರನನ್ನು ಕರೆಸಿ ಹೆರೆಸಿದಿರೋ, ಬೇಸಿಗೆಗೆ ಸಂದು ಇಮ್ಮಡಿ. ಎರಡು ವಾರ ಒಣಹವೆ ಬರಲಿ, ಆಮೇಲೂ ಹಿಡಿದರೆ ಬಿಜಾಗರಿ ಸ್ಕ್ರೂ ನೋಡಿ. ಭಾರದ ಪಡಿ ಜೋತುಬಿದ್ದು ಮೇಲ್ಮೂಲೆ ಉಜ್ಜುವುದೇ ಹೆಚ್ಚು.

ಕ್ಲೋಸರ್ ಕೆಲಸ ಮಾಡುತ್ತದೋ ಇಲ್ಲವೋ ತಿಂಗಳಿಗೊಮ್ಮೆ ನೋಡಿ: ಬಾಗಿಲನ್ನು ಒಂದು ಗೇಣು ತೆರೆದು ಬಿಡಿ, ಅದು ತಾನಾಗಿ ಹೋಗಿ ಬೀಗದ ನಾಲಗೆ ಟಕ್ ಎಂದು ಕೂಡಬೇಕು. ಬಳ್ಳಾರಿ-ಸಂಡೂರು ರಸ್ತೆಯ ಬದಿಯವರಿಗೆ ಅದಿರಿನ ಕೆಂಪು ಧೂಳೇ ದೊಡ್ಡ ಶತ್ರು. ಬ್ರಷ್ ಸೀಲಿನಲ್ಲಿ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಒಣ ಬ್ರಷ್ಷಿನಿಂದ ಕೊಡವಿ. ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ಇನ್ನೂ ಕೂರುತ್ತದೆ. ಕ್ಲೋಸರಿನಿಂದ ಎಣ್ಣೆ ಸೋರಿ ಗೋಡೆಯಲ್ಲಿ ಕಲೆ ಕಂಡರೆ ರಿಪೇರಿ ಇಲ್ಲ, ಬದಲಿಸಬೇಕು.

ದೀಪಾವಳಿಗೆ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚುವವರು ಹಳೆ ಪಡಿಗೆ ಧಾರಾಳ ಹಚ್ಚಿ, ಸೀಲಿಗೆ ತಾಗಿಸಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಶಾಖ ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಂಡೀತು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಬಿಸಾಕಿ. ಸುಣ್ಣ-ಬಣ್ಣದವರಿಗೆ ಉಬ್ಬುವ ಪಟ್ಟಿಯ ಮೇಲೆ ಟೇಪ್ ಅಂಟಿಸಿ ಕೆಲಸ ಶುರುಮಾಡಲು ಹೇಳಿ, ಪಡಿಯ ಅಂಚಿನ ಲೇಬಲ್ಲಿಗೂ ಬಣ್ಣ ಬಳಿಯದಂತೆ ನೋಡಿಕೊಳ್ಳಿ. ಮಾವಿನ ತೋರಣದ ಮೊಳೆ ಹಳೆ ವಾಡಕ್ಕೇ ಇರಲಿ.

ಈ ಎಲ್ಲವನ್ನೂ ಒಂದೇ ಏಟಿಗೆ ವ್ಯರ್ಥ ಮಾಡುವುದು ಬಾಗಿಲ ಬುಡಕ್ಕೆ ಇಟ್ಟ ಇಟ್ಟಿಗೆ. ಯೂನಿಟ್ಟಿನಲ್ಲಿ ದಿನವಿಡೀ ಥಾನು ಹೊತ್ತು ಓಡಾಡುವವರು ಬಾಗಿಲು ತಾನಾಗಿ ಮುಚ್ಚುವುದನ್ನು ಎಷ್ಟು ಹೊತ್ತು ಸಹಿಸಿಯಾರು? ಬೈದು ಪ್ರಯೋಜನವಿಲ್ಲ. ಅಂಥ ಕಡೆ ಅಲಾರಂ ಜೊತೆ ಜೋಡಿಸಿದ ವಿದ್ಯುತ್ ಅಯಸ್ಕಾಂತ ಹಾಕಿಸಿ. ಹಗಲೆಲ್ಲ ಬಾಗಿಲನ್ನು ತೆರೆದು ಹಿಡಿದಿರುತ್ತದೆ, ಹೊಗೆ ಅಲಾರಂ ಕೂಗಿದರೆ ಅಥವಾ ಕರೆಂಟ್ ಹೋದರೆ ಬಿಟ್ಟುಬಿಡುತ್ತದೆ. ನಮ್ಮಲ್ಲಿ ಕರೆಂಟ್ ಹೋದಾಗಲೆಲ್ಲ ಬಾಗಿಲು ಮುಚ್ಚಿಕೊಳ್ಳುವುದು ಕಿರಿಕಿರಿಯೇ. ಮತ್ತೆ ತೆರೆದು ಅಂಟಿಸಬೇಕು, ಅಷ್ಟೇ.

ತರಿಸುವಾಗ ಪರೀಕ್ಷಾ ಸರ್ಟಿಫಿಕೇಟಿನ ಪ್ರತಿಯನ್ನು ಬಿಲ್ಲಿನ ಜೊತೆಗೇ ಕೇಳಿ. ಅದರಲ್ಲಿ ಬರೆದ ಅಳತೆ, ಪಡಿಗಳ ಸಂಖ್ಯೆ, ಬಿಜಾಗರಿ, ಗಾಜು ನಿಮ್ಮ ಬಾಗಿಲಿಗೆ ತಾಳೆಯಾಗಬೇಕು. ಒಂದು ಪಡಿಯ ಸರ್ಟಿಫಿಕೇಟು ಕೊಟ್ಟು ಎರಡು ಪಡಿಯದನ್ನು ಇಳಿಸಿದರೆ ಲಾರಿಯಿಂದ ಇಳಿಸಿಕೊಳ್ಳಲೇಬೇಡಿ. ಮುಂಗಡ ಕೊಡುವ ಮೊದಲು ಈ ಷರತ್ತನ್ನು ಆರ್ಡರಿನಲ್ಲೇ ಬರೆಸಿ.